ಬಿಸಿಲಿಗೆ ಹೆದರದ ಔಷಧಿ

ಎರಡು ವರ್ಷದ ಹಿಂದಿನ ಮಾತು. ಆಗಸ್ಟ್ ತಿಂಗಳು. ದೋಹಾದಲ್ಲಿ ಎಸಿಯಿಂದ ಹೊರಗೆ ಕಾಲಿಟ್ಟರೆ ಸಾಕು, ಕನ್ನಡಕದ ಗಾಜು ಮಸುಕಾಗುವ ದಿನಗಳು. ನಮ್ಮ ಫಾರ್ಮಸಿಯ ಕಿಟಕಿಗೆ ಕೊಪ್ಪಳದ ಕಡೆಯ ಒಬ್ಬ ಡ್ರೈವರ್ ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಚೀಟಿ ನೋಡಿದೆ, ಇನ್ಸುಲಿನ್ ಡೋಸು ಮತ್ತೆ ಏರಿತ್ತು. ಮೂರು ತಿಂಗಳಲ್ಲಿ ಅದು ಮೂರನೇ ಸಲ.

"ಚುಚ್ಚಿಕೊಳ್ಳೋದು ಒಂದಿನಾನೂ ತಪ್ಪಿಸಿಲ್ರಿ ಸರ್. ಅನ್ನ ಬಿಟ್ಟೀನಿ, ಚಾಕ್ಕ ಸಕ್ರಿ ಬಿಟ್ಟೀನಿ. ಆದ್ರೂ ಶುಗರ್ ಇಳೀವಲ್ದು" ಎಂದರು. ನಾನು ಬೆಳಗಾವಿ ಜಿಲ್ಲೆಯವನು, ಆ ಮಾತು ಕೇಳಿದರೆ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗಾಗುತ್ತದೆ. ಎರಡು ನಿಮಿಷ ಹೆಚ್ಚಿಗೇ ಮಾತಾಡಿದೆ. ಕೊನೆಗೆ ದಿನಕ್ಕೆ ನೂರು ಸಲ ಹೇಳುವ ಮಾತನ್ನೇ ಅವರಿಗೂ ಹೇಳಿದೆ: "ಫ್ರಿಜ್‌ನ್ಯಾಗ ಇಡ್ರಿ." ಅವರು ತಲೆಯಾಡಿಸಿ ಹೋದರು.

ಸೆಪ್ಟೆಂಬರ್‌ನಲ್ಲಿ ಅವರು ರಜೆ ಮೇಲೆ ಊರಿಗೆ ಹೋದರು. ಅಲ್ಲಿನ ಮೆಡಿಕಲ್ ಶಾಪಿನಲ್ಲಿ ಹೊಸ ಇನ್ಸುಲಿನ್ ಕೊಂಡು, ಇಲ್ಲಿ ಬರೆದುಕೊಟ್ಟ ಅದೇ ದೊಡ್ಡ ಡೋಸನ್ನು ತೆಗೆದುಕೊಂಡರು. ಎರಡನೇ ರಾತ್ರಿ ಮೈಯೆಲ್ಲ ಬೆವರು, ಕೈಕಾಲು ನಡುಕ, ಏನೇನೋ ಬಡಬಡಿಕೆ. ಹೆಂಡತಿ ಗಟ್ಟಿಗಿತ್ತಿ, ಸಕ್ಕರೆ ನೀರು ಕುಡಿಸಿ, ಮೈದುನನ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ತಾಲೂಕು ಆಸ್ಪತ್ರೆಗೆ ಒಯ್ದರು. ಗ್ಲುಕೋಸ್ ಹಚ್ಚಿದ ಮೇಲೆ ಮನುಷ್ಯ ತಿಳಿಯಾದರು. ಇನ್ನರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೆಂದು ನಾನು ಇಲ್ಲಿ ಬರೆಯುವುದಿಲ್ಲ.

ವಾಪಸು ಬಂದವರು ಇದನ್ನೆಲ್ಲ ಹೇಳಿದಾಗ, ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದೆ. ಪೆನ್ ಎಲ್ಲಿಡ್ತಿದ್ರಿ?

"ಗಾಡ್ಯಾಗ್ರಿ ಸರ್. ರೂಮ್‌ನ್ಯಾಗ ಎಂಟು ಮಂದಿಗೆ ಒಂದ ಫ್ರಿಜ್ ಐತಿ. ಒಮ್ಮೆ ಯಾರೋ ನನ್ನ ಪೆನ್ ತಗದು ಮ್ಯಾಲೆ ಐಸ್‌ನ್ಯಾಗ ಇಟ್ಟಿದ್ರು, ಗಡ್ಡೆ ಆಗಿತ್ತು. ಅದಕ್ಕ ಗಾಡ್ಯಾಗ ಇಟ್ಕೊಂಡೆ. ಎಸಿ ಇರ್ತೈತೆಲ್ರಿ?"

ಎಸಿ ಇರುತ್ತದೆ, ಗಾಡಿ ಓಡುವಾಗ. ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟುವುದು ಇಲ್ಲಿ ಹೊಸ ಸಂಗತಿಯಲ್ಲ. ಅಂದರೆ ಆ ಬೇಸಿಗೆಯಿಡೀ ಅವರು ಚುಚ್ಚಿಕೊಂಡದ್ದು ಶಕ್ತಿ ಸತ್ತ ಇನ್ಸುಲಿನ್. ಶುಗರ್ ಇಳಿಯಲಿಲ್ಲ, ಡಾಕ್ಟರು ಡೋಸು ಏರಿಸಿದರು. ಊರಿನಲ್ಲಿ ಸಿಕ್ಕಿದ್ದು ಜೀವವಿದ್ದ ಇನ್ಸುಲಿನ್, ಡೋಸು ಮಾತ್ರ ಸತ್ತದ್ದಕ್ಕೆ ಲೆಕ್ಕ ಹಾಕಿದ್ದು. ಡಾಕ್ಟರದ್ದು ತಪ್ಪಿಲ್ಲ, ಅಂಗಡಿಯವನದ್ದೂ ತಪ್ಪಿಲ್ಲ. "ಫ್ರಿಜ್‌ನಲ್ಲಿಡಿ" ಎಂದು ಹೇಳಿ, "ಫ್ರಿಜ್ ಇದೆಯಾ?" ಎಂದು ಕೇಳದಿದ್ದವನು ನಾನು.

ಈ ವರ್ಷದ ಸಂಚಿಕೆಗೆ "ಹೊಸ ತಂತ್ರಜ್ಞಾನದ ಬಗ್ಗೆ ಏನಾದರೂ ಬರೆದುಕೊಡಿ" ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ನೆನಪಾದದ್ದು ಇದೇ ಘಟನೆ. ಅವರ ಮನಸ್ಸಿನಲ್ಲಿ ಕೃತಕ ಬುದ್ಧಿಮತ್ತೆಯೋ ರೋಬೋಟೋ ಇದ್ದಿರಬೇಕು. 2024ರಿಂದ ದೋಹಾದಲ್ಲಿ ವೆಬ್ ಸಮ್ಮಿಟ್ ನಡೆಯುತ್ತಿದೆ, ಎಲ್ಲರ ಬಾಯಲ್ಲೂ ಅದೇ. ಬೇಡವೆನ್ನುವುದಿಲ್ಲ. ಆದರೆ ಔಷಧಿ ಅಂಗಡಿಯ ಕಿಟಕಿಯ ಹಿಂದೆ ಇಪ್ಪತ್ತು ವರ್ಷ ನಿಂತವನಿಗೆ, ದುಡ್ಡು ಮತ್ತು ಗಮನ ಎರಡೂ ಹರಿಯಬೇಕಾದ ಜಾಗ ಬೇರೆಯೇ ಕಾಣುತ್ತದೆ. ಬಿಸಿಯನ್ನು ತಡೆದುಕೊಳ್ಳುವ ಔಷಧಿ, ಬಿಸಿ ತಾಗಿದ್ದನ್ನು ತಾನೇ ಹೇಳುವ ಬಾಟಲಿ, ಕರೆಂಟು ಹೋದರೂ ತಣ್ಣಗಿರುವ ಪೆಟ್ಟಿಗೆ. ನೋಡಲು ಸಪ್ಪೆ ವಸ್ತುಗಳು. ಇವನ್ನು ವೇದಿಕೆ ಮೇಲಿಟ್ಟು ಲೈಟ್ ಬಿಟ್ಟರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಮೊದಲು ಆ ಬಾಟಲಿಯ ವಿಷಯ. ಪಲ್ಸ್ ಪೋಲಿಯೋ ಭಾನುವಾರಗಳು ನಿಮಗೆ ನೆನಪಿರಬಹುದು. ಶಾಲೆಯ ಕಟ್ಟೆಯ ಮೇಲೆ ಮೇಜು, ಐಸ್ ಪ್ಯಾಕ್ ತುಂಬಿದ ಪೆಟ್ಟಿಗೆ, ಮಗುವಿನ ಬೆರಳಿಗೆ ಶಾಯಿ. ಹನಿ ಹಾಕುವ ಮೊದಲು ಅಂಗನವಾಡಿ ಅಕ್ಕ ಬಾಟಲಿಯನ್ನು ಕಣ್ಣ ಹತ್ತಿರ ಹಿಡಿದು ಒಮ್ಮೆ ನೋಡುತ್ತಿದ್ದರು. ಏನು ನೋಡುತ್ತಿದ್ದರು ಗೊತ್ತೆ? ಲೇಬಲ್ ಮೇಲೆ ಒಂದು ಬಣ್ಣದ ವೃತ್ತ, ಅದರೊಳಗೆ ಒಂದು ಬಿಳಿ ಚೌಕ. ಆ ಚೌಕದ ಬಣ್ಣ ಬಿಸಿ ತಾಗಿದಷ್ಟೂ ಕಪ್ಪಾಗುತ್ತ ಹೋಗುತ್ತದೆ, ಮತ್ತೆ ತಣ್ಣಗೆ ಮಾಡಿದರೆ ತಿರುಗಿ ಬೆಳ್ಳಗಾಗುವುದಿಲ್ಲ. ಚೌಕದ ಬಣ್ಣ ಸುತ್ತಲಿನ ವೃತ್ತದಷ್ಟೇ ಕಪ್ಪಾಯಿತೆಂದರೆ ಬಾಟಲಿ ಕಸದ ಬುಟ್ಟಿಗೆ. ಇದಕ್ಕೆ ವ್ಯಾಕ್ಸಿನ್ ವಯಲ್ ಮಾನಿಟರ್ ಎಂದು ಹೆಸರು. 1996ರಲ್ಲಿ ಪೋಲಿಯೋ ಹನಿಯ ಬಾಟಲಿಗಳ ಮೇಲೆ ಮೊದಲು ಬಂತು. ಬ್ಯಾಟರಿ ಇಲ್ಲ, ಮೊಬೈಲ್ ಬೇಡ, ಓದು ಬರಹ ಬೇಡ. ಬೆಲೆ ಕೆಲವೇ ಸೆಂಟ್.

ಪೋಲಿಯೋ ಹನಿ ಲಸಿಕೆಗಳಲ್ಲೇ ಬಿಸಿಗೆ ತೀರ ಸೂಕ್ಷ್ಮ. ಅದರ ಚೌಕವನ್ನು 37 ಡಿಗ್ರಿಯಲ್ಲಿ ಎರಡು ದಿನಕ್ಕೆ ಕಪ್ಪಾಗುವಂತೆ ಹದ ಮಾಡಿರುತ್ತಾರೆ. ಗಟ್ಟಿ ಲಸಿಕೆಗಳಿಗೆ 30 ದಿನದ ಚೌಕ. 2011ರ ಜನವರಿಯಲ್ಲಿ ಭಾರತದ ಕೊನೆಯ ಪೋಲಿಯೋ ಪ್ರಕರಣ, 2014ರ ಮಾರ್ಚ್‌ನಲ್ಲಿ ಪೋಲಿಯೋ ಮುಕ್ತ ಪ್ರಮಾಣಪತ್ರ. ಆ ಸಾಧನೆಯ ಭಾಷಣಗಳಲ್ಲಿ ಈ ಚುಕ್ಕಿಯ ಹೆಸರನ್ನು ನಾನಂತೂ ಕೇಳಲಿಲ್ಲ. ಆದರೆ ಬೇಸಿಗೆಯ ಕಲಬುರಗಿ, ರಾಯಚೂರಿನಲ್ಲಿ 42 ಡಿಗ್ರಿಯಲ್ಲಿ ಮನೆಮನೆ ತಿರುಗಿದ ಅಕ್ಕಂದಿರಿಗೆ, ತಾನು ಹಾಕುತ್ತಿರುವುದು ಜೀವವಿರುವ ಹನಿ ಎಂಬ ಧೈರ್ಯ ಕೊಟ್ಟದ್ದು ಅದೇ.

ಇಂಥ ಚುಕ್ಕಿ ಇನ್ಸುಲಿನ್ ಪೆನ್ ಮೇಲೆ ಯಾಕಿಲ್ಲ? ನಾನು ದಿನಾ ಕೈಯಲ್ಲಿ ಹಿಡಿಯುವ ಯಾವ ಪೆನ್ ಮೇಲೂ ಇಲ್ಲ. ಲಸಿಕೆಗೆ ಅದು ಬಂದದ್ದು ಕೊಳ್ಳುವವರು ಸರ್ಕಾರಗಳು, ಯುನಿಸೆಫ್‌ನಂಥ ಸಂಸ್ಥೆಗಳು ಆದ್ದರಿಂದ. ಚುಕ್ಕಿ ಇಲ್ಲದಿದ್ದರೆ ಕೊಳ್ಳುವುದಿಲ್ಲ ಎಂದು ಪಟ್ಟು ಹಿಡಿಯಬಲ್ಲವರು ಅವರು. ಇನ್ಸುಲಿನ್ ಕೊಳ್ಳುವವನು ಒಬ್ಬೊಬ್ಬನೇ ರೋಗಿ. ಅವನು ಪಟ್ಟು ಹಿಡಿದರೆ ಯಾರು ಕೇಳುತ್ತಾರೆ? ಕೊಪ್ಪಳದ ಆ ಅಣ್ಣನ ಪೆನ್ ಮೇಲೆ ಚೌಕವೊಂದಿದ್ದರೆ ಮೊದಲ ವಾರದಲ್ಲೇ ಕಪ್ಪಾಗಿ, ಡೋಸು ಏರುವ ಮೊದಲೇ ಕಥೆ ಮುಗಿಯುತ್ತಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಚುಕ್ಕಿ ಬಿಸಿಯನ್ನು ಹಿಡಿಯುತ್ತದೆ, ಗಡ್ಡೆ ಕಟ್ಟಿದ್ದನ್ನು ಹಿಡಿಯುವುದಿಲ್ಲ. ಇನ್ಸುಲಿನ್ ಒಮ್ಮೆ ಗಡ್ಡೆಯಾದರೆ ಕರಗಿದ ಮೇಲೆ ಮೊದಲಿನಂತೆಯೇ ಕಂಡರೂ ಬಳಸುವಂತಿಲ್ಲ. ನಮ್ಮ ಕ್ಯಾಂಪ್ ರೂಮುಗಳ ಸಣ್ಣ ಫ್ರಿಜ್‌ಗಳಲ್ಲಿ ಬಿಸಿಗಿಂತ ಈ ಅಪಾಯವೇ ಹೆಚ್ಚೇನೋ ಎಂದು ನನಗೆ ಅನುಮಾನ.

ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ, ಕೆನಡಾದ ಟೊರೊಂಟೊದಲ್ಲಿ. ಕಂಡುಹಿಡಿದವರು ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ನೂರು ವರ್ಷ ದಾಟಿದೆ. ಹಂದಿ, ದನದ ಮೇದೋಜೀರಕದಿಂದ ತೆಗೆಯುತ್ತಿದ್ದದ್ದು ಹೋಗಿ, ಸೂಕ್ಷ್ಮಜೀವಿಗಳಿಂದ ಮಾಡುವುದು ಬಂತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್ ಬಳಸಿ ಮಾಡಿದ ಇನ್ಸುಜೆನ್ ತಂದಿತು. ಬೇಗ ಕೆಲಸ ಮಾಡುವುದು, ದಿನವಿಡೀ ಕೆಲಸ ಮಾಡುವುದು ಎಲ್ಲ ಬಂದವು. ಆದರೆ ಅಂಗಡಿಯ ಫ್ರಿಜ್ ಇಂದಿಗೂ 2ರಿಂದ 8 ಡಿಗ್ರಿಯಲ್ಲೇ ನಿಂತಿದೆ. ಬಿಸಿ ತಡೆಯುವ ಇನ್ಸುಲಿನ್ ಮಾಡಲು ಅಣುವಿನ ರಚನೆಯನ್ನೇ ಬದಲಿಸುವ ಪ್ರಯತ್ನಗಳು ಪ್ರಯೋಗಾಲಯಗಳಲ್ಲಿ ಬಹಳ ಕಾಲದಿಂದ ನಡೆದಿವೆ, ಕಿಟಕಿಯವರೆಗೆ ಬಂದಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ದುಡ್ಡಿರುವ ದೇಶದ ರೋಗಿಯ ಮನೆಯಲ್ಲಿ ಫ್ರಿಜ್ ಇದೆ, ಫ್ರಿಜ್ ಇಲ್ಲದವನ ಹತ್ತಿರ ದುಡ್ಡಿಲ್ಲ.

ಈ ನಡುವೆ ಒಂದು ಸಣ್ಣ, ಆದರೆ ಬೆಲೆಯುಳ್ಳ ಕೆಲಸವಾಯಿತು. ಗಡಿಗಳಿಲ್ಲದ ವೈದ್ಯರು ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯದವರು ಕೆನ್ಯಾದ ನಿರಾಶ್ರಿತರ ಶಿಬಿರದ ಮನೆಗಳಲ್ಲಿ ಹಗಲು ರಾತ್ರಿ ಎಷ್ಟು ಬಿಸಿಯಾಗುತ್ತದೆ ಎಂದು ಅಳೆದರು. 25ರಿಂದ 37 ಡಿಗ್ರಿ. ಅದೇ ಏರಿಳಿತದಲ್ಲಿ ಪ್ರಯೋಗಾಲಯದಲ್ಲಿ ಇನ್ಸುಲಿನ್‌ಗಳನ್ನು ನಾಲ್ಕು ವಾರ ಇಟ್ಟು ಪರೀಕ್ಷಿಸಿದರು. ತಂಪಿನಲ್ಲಿಟ್ಟದ್ದಕ್ಕೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಇದು ಪ್ರಕಟವಾಯಿತು. ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಇರುವ ಔಷಧಿ ಎಷ್ಟು ತಡೆಯುತ್ತದೆಂದು ಪ್ರಾಮಾಣಿಕವಾಗಿ ಅಳೆದದ್ದಷ್ಟೇ. ಇಂಥ ಅಳತೆಗೆ ದುಡ್ಡು ಹಾಕುವವರು ತೀರ ಕಡಿಮೆ. ಆದರೆ 37 ಎಂದರೆ 37. ನಮ್ಮ ಗಾಡಿಯ 60 ಅಲ್ಲ.

ಈಗ ಊರಿನ ಕಡೆಗೆ ಬರುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನನಗೆ ಹೆಮ್ಮೆ ತರುವ ಕೆಲಸ ನಡೆದದ್ದು ನಮ್ಮ ಬೆಳಗಾವಿಯಲ್ಲಿ.

ಹೆರಿಗೆಯಾದ ಮೇಲಿನ ರಕ್ತಸ್ರಾವದಿಂದ ತಾಯಂದಿರು ಸಾಯುವುದನ್ನು ನಮ್ಮ ತಲೆಮಾರಿನವರು ಕಂಡಿದ್ದೇವೆ. ನಮ್ಮ ಓಣಿಯಲ್ಲೇ ಇಬ್ಬರು. ಅದನ್ನು ತಡೆಯುವ ಔಷಧಿ ಆಕ್ಸಿಟೋಸಿನ್ ಇಂಜೆಕ್ಷನ್, ಅದನ್ನೂ ತಂಪಿನಲ್ಲೇ ಇಡಬೇಕು. ದಿನಕ್ಕೆ ಆರು ತಾಸು ಕರೆಂಟ್ ಇರುತ್ತಿದ್ದ ಹಳ್ಳಿಯಲ್ಲಿ ಅದನ್ನು ಎಲ್ಲಿಡುವುದು? ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ವೈದ್ಯರ ಜೊತೆ ಸೇರಿ, 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಪರೀಕ್ಷೆಗೆ ಒಡ್ಡಿದರು. ಮಾತ್ರೆ, ಫ್ರಿಜ್ ಬೇಡ, ಸೂಜಿ ಬೇಡ. ಕೊಟ್ಟವರು ದೊಡ್ಡ ಡಾಕ್ಟರಲ್ಲ, ನಮ್ಮ ಎಎನ್‌ಎಂ ಸಿಸ್ಟರುಗಳು. 1,620 ಬಾಣಂತಿಯರು. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಅದೇ ರೂಪದ ಬರಿ ಮಾತ್ರೆ. ಹೆಚ್ಚಿನ ರಕ್ತಸ್ರಾವ 12 ಶೇಕಡದಿಂದ 6.4ಕ್ಕೆ ಇಳಿಯಿತು. ಹದಿನೆಂಟು ಹೆರಿಗೆಗೆ ಮಾತ್ರೆ ಕೊಟ್ಟರೆ ಒಂದು ರಕ್ತಸ್ರಾವ ತಪ್ಪುತ್ತದೆ ಎಂಬ ಲೆಕ್ಕ ಬಂತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಬಂದಾಗ ನಾನು ಡಿ.ಫಾರ್ಮ್ ಮುಗಿಸಿ ಕೆಲಸ ಹುಡುಕುತ್ತಿದ್ದೆ. ನಮ್ಮೂರ ಹತ್ತಿರದ ಹಳ್ಳಿಗಳ ಹೆರಿಗೆಗಳು ಲಂಡನ್ನಿನ ಪತ್ರಿಕೆಯಲ್ಲಿ! 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಅದರ ಮುಂದಿನ ಹೆಜ್ಜೆಯಲ್ಲೂ ಬೆಳಗಾವಿಯ ಕೈ ಇದೆ. ಕಾರ್ಬೆಟೋಸಿನ್ ಎಂಬ ಇಂಜೆಕ್ಷನ್‌ಗೆ ಬಿಸಿ ತಡೆಯುವ ಹೊಸ ರೂಪ ಕೊಟ್ಟರು. 30 ಡಿಗ್ರಿಯಲ್ಲಿ ಮೂರು ವರ್ಷ ಇಟ್ಟರೂ ಕೆಡುವುದಿಲ್ಲ. ಇದನ್ನು ಆಕ್ಸಿಟೋಸಿನ್ ಜೊತೆ ಹೋಲಿಸಿ ಭಾರತವೂ ಸೇರಿ 10 ದೇಶಗಳಲ್ಲಿ, ಹತ್ತಿರ ಹತ್ತಿರ 30,000 ಹೆರಿಗೆಗಳಲ್ಲಿ ಪರೀಕ್ಷೆ ನಡೆಯಿತು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ ರಕ್ತಸ್ರಾವದ ಪ್ರಮಾಣ ಒಂದರಲ್ಲಿ 14.5, ಇನ್ನೊಂದರಲ್ಲಿ 14.4 ಶೇಕಡ. ಅಂದರೆ ಸರಿಸಮ. ಆ ಪ್ರಬಂಧ ಬರೆದವರ ಪಟ್ಟಿಯಲ್ಲಿ ಬೆಳಗಾವಿಯ ಡಾ. ಶಿವಪ್ರಸಾದ ಗೌಡರ ಅವರ ಹೆಸರಿದೆ. ಮರುವರ್ಷವೇ ಅದು ಅಗತ್ಯ ಔಷಧಿಗಳ ಪಟ್ಟಿಗೆ ಬಂತು. ಗಮನಿಸಿ, ಇದು ಹಳೆಯದಕ್ಕಿಂತ ಹೆಚ್ಚು ಪರಿಣಾಮಕಾರಿಯೇನೂ ಅಲ್ಲ. ತಂಪು ಬೇಡ, ಅಷ್ಟೇ ಅದರ ಹೆಚ್ಚುಗಾರಿಕೆ. "ಇದರಲ್ಲೇನು ಹೊಸದು?" ಎಂದು ಬಂಡವಾಳಗಾರ ಕೇಳುವುದು ಇಲ್ಲೇ. ಕರೆಂಟು ಹೋದ ರಾತ್ರಿ ಹೆರಿಗೆ ಮಾಡಿಸಿದ ಸಿಸ್ಟರನ್ನು ಕೇಳಿದರೆ ಹೊಸದೇನೆಂದು ಹೇಳುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಮಿನ್ವ್ಯಾಕ್ಸ್ ಕಂಪನಿಯ ಕಥೆ ಇಷ್ಟು ಸುಖಾಂತವಲ್ಲ. ಕೊರೊನಾ ಕಾಲದಲ್ಲಿ ಅವರು ಮಾಡಿದ ಲಸಿಕೆಯ ಪುಡಿ 37 ಡಿಗ್ರಿಯಲ್ಲಿ ಒಂದು ತಿಂಗಳು, 100 ಡಿಗ್ರಿಯಲ್ಲಿ 90 ನಿಮಿಷ ಕೆಡದೆ ಉಳಿಯಿತು. ಹೌದು, ನೀರು ಕುದಿಯುವ ಬಿಸಿ. ಅದೇ ಹೊತ್ತಿಗೆ ಇಲ್ಲಿ ಏನಾಗುತ್ತಿತ್ತು ನೆನಪಿಸಿಕೊಳ್ಳಿ. 2020ರ ಡಿಸೆಂಬರ್‌ನಲ್ಲಿ ಕತಾರ್‌ಗೆ ಬಂದ ಮೊದಲ ಲಸಿಕೆ ಸೊನ್ನೆಗಿಂತ 70 ಡಿಗ್ರಿ ಕೆಳಗೆ ಇಡಬೇಕಾದದ್ದು. ಇಂಡಸ್ಟ್ರಿಯಲ್ ಏರಿಯಾದ ದೊಡ್ಡ ಲಸಿಕಾ ಕೇಂದ್ರದಲ್ಲಿ ನಿಮ್ಮಲ್ಲಿ ಎಷ್ಟೋ ಜನ ಸಾಲು ನಿಂತಿದ್ದೀರಿ. ಆ ಸೂಜಿ ನಿಮ್ಮ ತೋಳಿಗೆ ಬರುವವರೆಗೆ ಎಷ್ಟು ಫ್ರೀಜರ್, ಎಷ್ಟು ಡ್ರೈ ಐಸ್, ಎಷ್ಟು ಲೆಕ್ಕ! ಕತಾರ್‌ನಂಥ ದೇಶಕ್ಕೆ ಅದು ಸಾಧ್ಯವಾಯಿತು. ಎಲ್ಲರಿಗೂ ಆಗಲಿಲ್ಲ. ಮಿನ್ವ್ಯಾಕ್ಸ್‌ನ ಆ ಲಸಿಕೆ ಮಾತ್ರ ಇಂದಿಗೂ ಅಂಗಡಿಗೆ ಬಂದಿಲ್ಲ. ಗಾಬರಿ ಮುಗಿಯಿತು, ಆಸಕ್ತಿಯೂ ಮುಗಿಯಿತು.

ಔಷಧಿಯನ್ನು ಬದಲಿಸಲಾಗದಿದ್ದರೆ ಪೆಟ್ಟಿಗೆಯನ್ನು ಬದಲಿಸಬೇಕು. ಉಡುಪಿ, ಮಂಗಳೂರಿನ ಓದುಗರು ಖುಷಿಪಡುವ ಸುದ್ದಿ ಇಲ್ಲಿದೆ. ಮಣಿಪಾಲದ ಹುಡುಗರು ಕಟ್ಟಿದ ಬ್ಲ್ಯಾಕ್‌ಫ್ರಾಗ್ ಟೆಕ್ನಾಲಜೀಸ್ ಎಂಬ ಕಂಪನಿ ಎಮ್ವೋಲಿಯೋ ಎನ್ನುವ ಬ್ಯಾಟರಿ ಪೆಟ್ಟಿಗೆ ಮಾಡಿದೆ. ಒಳಗೆ ಎರಡು ಲೀಟರ್ ಜಾಗ, 30ರಿಂದ 50 ಲಸಿಕೆ ಬಾಟಲಿ ಹಿಡಿಯುತ್ತದೆ, 12 ಗಂಟೆಯವರೆಗೆ 2ರಿಂದ 8 ಡಿಗ್ರಿಯಲ್ಲೇ ಇಡುತ್ತದೆ. ಹಳೆಯ ಐಸ್ ಪೆಟ್ಟಿಗೆಯಲ್ಲಿ ಬೆಳಿಗ್ಗೆ ಲಸಿಕೆ ಗಡ್ಡೆ ಕಟ್ಟುವ ಭಯ, ಮಧ್ಯಾಹ್ನ ಐಸ್ ಕರಗುವ ಭಯ. ಇದರಲ್ಲಿ ಎರಡೂ ಇಲ್ಲ. ಇದನ್ನೇ ಇನ್ನೂ ಚಿಕ್ಕದು ಮಾಡಿ, ಎರಡು ಪೆನ್ ಹಿಡಿಯುವಷ್ಟು, ಒಂದು ಮಾಮೂಲಿ ಮೊಬೈಲಿನ ಬೆಲೆಗೆ ಕೊಟ್ಟರೆ ಕೊಲ್ಲಿಯ ಡ್ರೈವರುಗಳೇ ಸಾವಿರಾರು ಜನ ಕೊಳ್ಳುತ್ತಾರೆ. ನಮ್ಮಲ್ಲಿ ಉದ್ಯಮ ಮಾಡುವವರು ಇದ್ದಾರೆ. ಊರಿನಲ್ಲಿ ಸೈಟ್ ಮೇಲೆ ಸೈಟ್ ಕೊಳ್ಳುವ ಬದಲು ಒಮ್ಮೆ ಇಂಥದ್ದರ ಕಡೆಯೂ ನೋಡಬಹುದು.

ಕೆಲವರು ಕೇಳುತ್ತಾರೆ, ನೀರಿನಲ್ಲಿ ನೆನೆಸಿದ ತಂಪು ಚೀಲ ಸಾಲದೇ, ಮಣ್ಣಿನ ಮಡಕೆ ಸಾಲದೇ ಎಂದು. ಒಳ್ಳೆಯ ಪ್ರಶ್ನೆ. ಮಡಕೆಯಾಗಲಿ ಚೀಲವಾಗಲಿ, ನೀರು ಆವಿಯಾಗುವಾಗ ತಂಪಾಗುತ್ತದೆ. ಒಣಗಾಳಿಯ ರಾಯಚೂರಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನಲ್ಲಿ ಅಷ್ಟಕ್ಕಷ್ಟೆ. ದೋಹಾದಲ್ಲಿ ಜೂನ್‌ನ ಒಣ ಗಾಳಿಯಲ್ಲಿ ನಡೆದೀತು, ಆಗಸ್ಟ್‌ನ ತೇವದಲ್ಲಿ ಬಟ್ಟೆಯೇ ಒಣಗದಿರುವಾಗ ಚೀಲದ ನೀರು ಎಲ್ಲಿಗೆ ಹೋಗಬೇಕು?

ಸೈಟ್‌ನಲ್ಲಿ ಕೆಲಸ ಮಾಡುವವರಿಗೆ ತೇವದ ಈ ಲೆಕ್ಕ ಗೊತ್ತಿರುತ್ತದೆ. 2021ರ ಕತಾರ್ ನಿಯಮದಂತೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸವಿಲ್ಲ. ಅದಲ್ಲದೆ ವೆಟ್ ಬಲ್ಬ್ ಗ್ಲೋಬ್ ಅಳತೆ 32.1 ದಾಟಿದರೆ ಯಾವ ಹೊತ್ತಿನಲ್ಲಾದರೂ ಕೆಲಸ ನಿಲ್ಲಿಸಬೇಕು. ಆ ಅಳತೆ ಬರೀ ಬಿಸಿಯನ್ನಲ್ಲ, ತೇವ, ಬಿಸಿಲು, ಗಾಳಿ ಎಲ್ಲವನ್ನೂ ಸೇರಿಸುತ್ತದೆ. ಮನುಷ್ಯನ ಮೈಗೆ ಎಷ್ಟು ಬಿಸಿ ತಾಗಿತೆಂದು ಅಳೆಯುವ ಯಂತ್ರ ಬಂತು, ಕಾನೂನೂ ಬಂತು. ಅದೇ ಮನುಷ್ಯನ ಜೇಬಿನಲ್ಲಿರುವ ಔಷಧಿಗೆ ಎಷ್ಟು ತಾಗಿತೆಂದು ಕೇಳುವವರಿಲ್ಲ.

ತಂತ್ರಜ್ಞಾನ ಬರುವಾಗ ಬರಲಿ, ಅಲ್ಲಿಯವರೆಗೆ ಇನ್ಸುಲಿನ್ ಬಳಸುವವರಿಗೆ ಕಿಟಕಿಯ ಹಿಂದಿನವನಾಗಿ ಕೆಲವು ಮಾತು. ತೆರೆಯದ ಪೆನ್ ಫ್ರಿಜ್‌ನ ನಡುವಿನ ಅಂತಸ್ತಿನಲ್ಲಿರಲಿ, ಐಸ್ ಹತ್ತಿರ ಬೇಡ. ಒಂದು ಡಬ್ಬಿಯಲ್ಲಿಟ್ಟು ಮೇಲೆ ಹೆಸರು ಬರೆದರೆ ರೂಮಿನವರು ಮುಟ್ಟುವುದಿಲ್ಲ. ಬಳಸುತ್ತಿರುವ ಪೆನ್ನಿಗೆ ಫ್ರಿಜ್ ಬೇಕೆಂದೇ ಇಲ್ಲ, ಎಸಿ ರೂಮಿನ ಕಪಾಟಿನಲ್ಲಿ ಸಾಮಾನ್ಯವಾಗಿ 28 ದಿನ ಇರುತ್ತದೆ. ಕೆಲವಕ್ಕೆ 42, ಕೆಲವಕ್ಕೆ 56 ದಿನ. ನಿಮ್ಮದು ಯಾವುದೆಂದು ಫಾರ್ಮಸಿಯಲ್ಲಿ ಕೇಳಿ, ತೆರೆದ ತಾರೀಖನ್ನು ಪೆನ್ ಮೇಲೆ ಬರೆದಿಡಿ. ಗಾಡಿಯಲ್ಲಿ ಬಿಟ್ಟು ಇಳಿಯಬೇಡಿ, ಐದು ನಿಮಿಷಕ್ಕೂ. ಊರಿಗೆ ಹೋಗುವಾಗ ಕೈಚೀಲದಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ. ಲಗೇಜಿಗೆ ಹಾಕಿದರೆ ರನ್‌ವೇ ಬಿಸಿಲಿಗೂ ಸಿಗಬಹುದು, ಮೇಲಿನ ಚಳಿಗೂ ಸಿಗಬಹುದು. ಕೆಟ್ಟ ಇನ್ಸುಲಿನ್ ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಆದ್ದರಿಂದ ಕಾರಣವಿಲ್ಲದೆ ಶುಗರ್ ಏರಿದರೆ, ಡೋಸು ಏರಿಸುವ ಮೊದಲು ಪೆನ್ ಎಲ್ಲಿಟ್ಟಿದ್ದಿರೆಂದು ಡಾಕ್ಟರಿಗೆ ನೀವೇ ಹೇಳಿ. ನಾಚಿಕೆ ಬೇಡ.

ಕೊಪ್ಪಳದ ಅಣ್ಣ ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. ಡೋಸು ಮೊದಲಿನ ಲೆಕ್ಕಕ್ಕೆ ಇಳಿದಿದೆ. ಪೆನ್ ಈಗ ಅವರ ರೂಮಿನ ಕಪಾಟಿನಲ್ಲಿ, ತಾರೀಖು ಬರೆದುಕೊಂಡು ಕೂತಿದೆ. ಚುಕ್ಕಿಯ ಕಥೆಯನ್ನು ಅವರಿಗೂ ಹೇಳಿದ್ದೆ. ಹೋದ ತಿಂಗಳು ಹೊಸ ಪೆನ್ ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇನ್ನೂ ಬಂದಿಲ್ಲಲ್ರಿ ಸರ್?" ಎಂದರು.

ಇಲ್ಲ ಎಂದೆ. ಸಂಘದ ಮುಂದಿನ ಆರೋಗ್ಯ ಶಿಬಿರದಲ್ಲಿ ನಾನಿರುತ್ತೇನೆ. ನಿಮ್ಮ ಪೆನ್, ಮಾತ್ರೆ, ಸಿರಪ್ ಏನಿದೆಯೋ ತಂದು ತೋರಿಸಿ, ಎಲ್ಲಿಡುತ್ತೀರೆಂದು ಹೇಳಿ. ಈ ಸಲ ಮೊದಲು ಅದನ್ನೇ ಕೇಳುತ್ತೇನೆ.